‘ಸೆಟ್’ಗೆ 430 ಅರ್ಥವೇ?

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥವಿರುವ ಪದ ಯಾವುದೆಂದು ಕೇಳಿದರೆ ಕ್ವಿಜ್ ಆಡುವ ಮಕ್ಕಳೂ ‘ಸೆಟ್’ ಎನ್ನುತ್ತಾರೆ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಈ ಕ್ರಿಯಾಪದಕ್ಕೆ 430 ಅರ್ಥಗಳಿವೆ, ವಿವರಣೆಯೇ ಸುಮಾರು 60,000 ಪದಗಳಷ್ಟು. ಈಚೆಗೆ 645 ಅರ್ಥಗಳ ‘ರನ್’ ಅದನ್ನು ಹಿಂದೆ ಹಾಕಿತು. ಆ ಒಂದು ಪದಕ್ಕಾಗಿ ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತರು. ಆ ತಾಳ್ಮೆ ದೊಡ್ಡದು. ಆದರೆ ಎಣಿಕೆಯಿಂದ ‘ಸೆಟ್’ಗೆ ಬಂದಿರುವ ಕೀರ್ತಿ ಅದರ ಯೋಗ್ಯತೆಗಿಂತ ಹೆಚ್ಚಿನದು.

ಹಳೆಯ ಇಂಗ್ಲಿಷಿನಲ್ಲಿ ‘ಸೆಟ್’ ಎಂಬುದು ‘ಸಿಟ್’ನ ಪ್ರೇರಣಾರ್ಥಕ ರೂಪ. ಅಂದರೆ ನಮ್ಮ ‘ಕೂರು’, ‘ಕೂರಿಸು’ ಇದ್ದಂತೆ. ಈ ಒಂದು ಎಳೆ ಹಿಡಿದರೆ ಗಂಟು ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ನಾಟಿ ವೈದ್ಯ ಮುರಿದ ಮೂಳೆ ಕೂರಿಸುತ್ತಾನೆ, ಹಳ್ಳಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಮೂರು ಕಡೆಯೂ ಇಂಗ್ಲಿಷಿನವರು ಹೇಳುವುದು ‘ಸೆಟ್’ ಎಂದೇ. ಕೋಳಿಯ ಉದಾಹರಣೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅದು ತಾನಾಗಿ ಕೂರುವ ಪ್ರಾಣಿ. ಆದರೂ ಮೊಟ್ಟೆ ಜೋಡಿಸಿ, ಬುಟ್ಟಿಗೆ ಹುಲ್ಲು ಹಾಸಿ, ಅದನ್ನೆತ್ತಿ ಮೇಲಿಡುವ ಕೈ ಬೇರೆ ಇದೆ. ಒಂದು ವಸ್ತು ತನ್ನ ನೆಲೆಗೆ ಬರುವುದು, ಬಂದು ನಿಲ್ಲುವುದು, ಅದಕ್ಕೆ ಇನ್ನೊಬ್ಬರ ಕೈ ತಗುಲುವುದು: ‘ಸೆಟ್’ನ ತಿರುಳು ಇಷ್ಟೇ. ಮುಂದೆ ಆ ಕೈ ಕಳಚಿ, ಸೂರ್ಯನೂ ಕಾಂಕ್ರೀಟೂ ತಾವೇ ‘ಸೆಟ್’ ಆಗತೊಡಗಿದವು.

ಬೆಂಕಿ ಹಚ್ಚುವುದಕ್ಕೂ ಸೆರೆಯಿಂದ ಬಿಡಿಸುವುದಕ್ಕೂ ಇದೇ ಪದ ಬರುತ್ತದೆ, ಅಲ್ಲಿ ‘ಕೂರಿಸು’ ಒಗ್ಗುವುದಿಲ್ಲ, ನಿಜ. ಆದರೆ ಆ 60,000 ಪದಗಳ ವಿವರಣೆಯಲ್ಲಿ ‘ಸೆಟ್ ಆಫ್’, ‘ಸೆಟ್ ಇನ್’, ‘ಸೆಟ್ ಅಪ್’ನಂಥ ಜೋಡಿಪದಗಳೂ ಸೇರಿವೆ. ಮಳೆ ‘ಸೆಟ್ ಇನ್’ ಆಯಿತೆಂದರೆ ಮಳೆ ಹಿಡಿದುಕೊಂಡಿತು ಎಂದರ್ಥ. ಅಲ್ಲಿ ಅರ್ಧ ಕೆಲಸ ‘ಇನ್’ನದು.

ಈ ಸಂಖ್ಯೆಯನ್ನು ಮುಂದಿಟ್ಟು ಕನ್ನಡ ಬಡವಾಯಿತು ಎಂದು ಬರೆಯುವವರೊಂದಿಗೆ ನನಗೆ ದೊಡ್ಡ ಜಗಳವಿದೆ. ಅವರು ‘ಕಟ್ಟು’ ಪದವನ್ನು ಎಣಿಸಿ ನೋಡಿದ್ದಾರೆಯೇ? ಮನೆ, ಹೂ, ತಾಳಿ, ಶುಲ್ಕ, ಬಾಜಿ, ಕತೆ, ಎಲ್ಲವನ್ನೂ ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ಬೇಳೆ ಬೆಂದ ನೀರೂ ಕಟ್ಟೇ, ಅದರಿಂದಲೇ ಕಟ್ಟಿನ ಸಾರು. ಇಂಗ್ಲಿಷಿನಲ್ಲಿ ಮೊಸರು ‘ಸೆಟ್’ ಆದರೆ ನಮ್ಮಲ್ಲಿ ಹೆಪ್ಪುಗಟ್ಟುತ್ತದೆ. ಆಕ್ಸ್‌ಫರ್ಡ್‌ನವರಷ್ಟು ಸೂಕ್ಷ್ಮವಾಗಿ ಇವನ್ನೆಲ್ಲ ಸೀಳಿ ಅಂಕಿ ಕೊಟ್ಟರೆ ಪಟ್ಟಿ ಎಷ್ಟು ಉದ್ದವಾದೀತು! ಅಂಕಿ ತೋರಿಸುವುದು ಸೀಳಿದ ಕತ್ತಿಯ ಹರಿತವನ್ನು, ಭಾಷೆಯ ಸಿರಿಯನ್ನಲ್ಲ.

ಇನ್ನೊಂದು ಗೊಂದಲವೂ ಇದೆ. ‘ಗುಂಪು’ ಎಂಬ ಅರ್ಥದ ‘ಸೆಟ್’ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟ’ದಿಂದ ಬಂದ ಬೇರೆಯೇ ಪದ, ಪಂಥವೆಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು. ನಮ್ಮ ಹೋಟೆಲಿನ ಸೆಟ್ ದೋಸೆ ಈ ವಂಶದ್ದು. ‘ನಮ್ಮಿಬ್ಬರಿಗೂ ಸೆಟ್ ಆಗಲ್ಲ’ ಎನ್ನುವಾಗಿನದು ಕೂರಿಸುವ ವಂಶದ್ದು. ಎರಡನ್ನೂ ಒಂದೇ ಪದದ ಲೆಕ್ಕಕ್ಕೆ ಸೇರಿಸಿ ಬೆರಗಾಗುವುದು ತಪ್ಪು.

ನಾನು ಶಾಲೆಯಲ್ಲಿ ಬಳಸಿದ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಸೆಟ್’ಗೆ ಇಡು, ಸ್ಥಾಪಿಸು, ನಿಗದಿಪಡಿಸು ಎಂದಿತ್ತು. ‘ಕೂರಿಸು’ ಇರಲಿಲ್ಲ. ಮುಂದೆ ನಿಘಂಟು ಮಾಡುವವರು ಅದನ್ನು ಮೊದಲ ಅರ್ಥವಾಗಿ ಕೊಡಲಿ.