ಬಿಡುಗಡೆ ಸಿಕ್ಕಿತು, ನ್ಯಾಯ ಎಲ್ಲಿ?

ನಮ್ಮ ಪ್ರಾಟೆಸ್ಟೆಂಟ್ ಸಭೆಗಳಲ್ಲಿ, ಅದರಲ್ಲೂ ಪೆಂತೆಕೊಸ್ತ್ ಸಭೆಗಳಲ್ಲಿ, ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ಒಬ್ಬೊಬ್ಬರಾಗಿ ಎದ್ದು ಬಂದು ಮೈಕ್ ಹಿಡಿಯುತ್ತಾರೆ. ಸಾಲ ತೀರಿತು, ಜ್ವರ ಬಿಟ್ಟಿತು, ಮಗನಿಗೆ ಕೆಲಸವಾಯಿತು, ಕರ್ತನಿಗೆ ಸ್ತೋತ್ರ. ಕೂತವರು ಹಲ್ಲೆಲೂಯಾ ಎನ್ನುತ್ತಾರೆ. ಎಲ್ಲ ಸಾಕ್ಷಿಗಳಿಗೂ ಒಂದೇ ಅಚ್ಚು: ಕಷ್ಟ ಬಂತು, ಪ್ರಾರ್ಥಿಸಿದೆವು, ಬಿಡುಗಡೆ ಆಯಿತು. ಆ ಕಷ್ಟ ಯಾರಿಂದ ಬಂತು, ತಂದವರು ಈಗ ಹೇಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಇನ್ನೂ ಬಿಡುಗಡೆ ಕಾಣದವರ ಕೈಗೆ ಮೈಕ್ ಬರುವುದೂ ಅಪರೂಪ.

ಈ ಪದ್ಧತಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಾರವಿಡೀ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುವ ಹೆಂಗಸು ನೂರು ಜನರ ಮುಂದೆ ನಿಂತು ತನ್ನ ಬದುಕಿನ ಕಥೆ ಹೇಳುತ್ತಾಳೆ, ಜನ ಕಿವಿಗೊಟ್ಟು ಕೇಳುತ್ತಾರೆ. ಅವಳಿಗೆ ಅಂಥ ವೇದಿಕೆ ಊರಿನಲ್ಲಿ ಮತ್ತೆಲ್ಲಿದೆ? ನನ್ನ ತಕರಾರು ಬೇರೆ. ದೇವರಿಂದ ಬಿಡುಗಡೆ ಕೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ನ್ಯಾಯ ಕೇಳುವುದನ್ನು ಮರೆತಿದ್ದೇವೆ. ಮೊದಲನೆಯದು ಸಿಕ್ಕರೆ ಎರಡನೆಯದೂ ಸಿಕ್ಕಂತೆಯೇ ಎಂದು ನಂಬಿ ಕೂತಿದ್ದೇವೆ.

ಇದಕ್ಕೆ ಒಳ್ಳೆಯ ನಿದರ್ಶನ, ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದ ಮೇಲೆ ನಮ್ಮಲ್ಲಿ ನಡೆಯುವ ಪ್ರಸಂಗ. ಫಿಲಿಪ್ಪಿ ಪಟ್ಟಣದಲ್ಲಿ ಕಣಿ ಹೇಳುತ್ತಿದ್ದ ಒಬ್ಬ ದಾಸಿಯನ್ನು ಪೌಲ ದೆವ್ವದಿಂದ ಬಿಡಿಸುತ್ತಾನೆ. ಅವಳಿಂದ ದುಡ್ಡು ಮಾಡುತ್ತಿದ್ದ ಯಜಮಾನರಿಗೆ ಸಿಟ್ಟು ಬರುತ್ತದೆ. ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಚಾವಡಿಗೆ ಎಳೆದೊಯ್ಯುತ್ತಾರೆ. ವಿಚಾರಣೆಯಿಲ್ಲದೆ ಬಟ್ಟೆ ಕಿತ್ತು, ಕೋಲಿನಿಂದ ಹೊಡೆಸಿ, ಒಳಸೆರೆಗೆ ತಳ್ಳಿ, ಕಾಲಿಗೆ ಕೋಳ ಹಾಕಲಾಗುತ್ತದೆ. ಮಧ್ಯರಾತ್ರಿ ಇಬ್ಬರೂ ಹಾಡುತ್ತಾರೆ. ಭೂಮಿ ನಡುಗುತ್ತದೆ, ಕದಗಳು ತೆರೆಯುತ್ತವೆ, ಬೇಡಿಗಳು ಕಳಚುತ್ತವೆ. ಪ್ರಸಂಗಿಯ ದನಿ ಇಲ್ಲಿ ತಾರಕಕ್ಕೇರುತ್ತದೆ. ಸೆರೆಯ ಅಧಿಕಾರಿಗೆ ದೀಕ್ಷಾಸ್ನಾನವಾಗುವಲ್ಲಿಗೆ ಪ್ರಸಂಗ ಮುಗಿಯುತ್ತದೆ.

ಆ ಪುಸ್ತಕ ಬರೆದ ಲೂಕ ಅಲ್ಲಿಗೆ ಮುಗಿಸಿಲ್ಲ. ಬೆಳಗಾಗುತ್ತದೆ. ಅಧಿಕಾರಿಗಳು ಆಳುಗಳ ಕೈಲಿ ಹೇಳಿಕಳಿಸುತ್ತಾರೆ: ಅವರನ್ನು ಬಿಟ್ಟುಬಿಡಿ. ನಮ್ಮ ಸಾಕ್ಷಿಯ ಲೆಕ್ಕದಲ್ಲಿ ಇದೇ ಪೂರ್ಣ ಜಯ. ಆದರೆ ಪೌಲ ಹೊರಡಲು ಒಪ್ಪುವುದಿಲ್ಲ. ನಾವು ರೋಮ್ ಪ್ರಜೆಗಳು, ವಿಚಾರಣೆಯಿಲ್ಲದೆ ಎಲ್ಲರೆದುರು ಹೊಡೆದು ಈಗ ಗುಟ್ಟಾಗಿ ಸಾಗಹಾಕುತ್ತೀರಾ, ಅವರೇ ಬಂದು ಕರೆದೊಯ್ಯಲಿ ಎಂದು ಪಟ್ಟು ಹಿಡಿಯುತ್ತಾನೆ. ಪ್ರಜೆಗಳೆಂದು ಕೇಳಿ ಅಧಿಕಾರಿಗಳ ಎದೆ ಧಸಕ್ಕೆನ್ನುತ್ತದೆ. ತಾವೇ ಬಂದು ಸಮಾಧಾನ ಹೇಳಿ, ಊರು ಬಿಟ್ಟು ಹೋಗಿರೆಂದು ಬೇಡಿಕೊಳ್ಳುತ್ತಾರೆ. ಅವರಿಬ್ಬರು ಆಗಲೂ ಗಡಿಬಿಡಿಯಿಂದ ಊರು ಬಿಡುವುದಿಲ್ಲ. ಮೊದಲು ಆ ಊರಿನ ವಿಶ್ವಾಸಿ ಲುದ್ಯಳ ಮನೆಗೆ ಹೋಗಿ ಸಹೋದರರನ್ನು ಕಂಡು ಧೈರ್ಯ ಹೇಳುತ್ತಾರೆ.

ನನಗೆ ಈ ಹಟದ ಗುಟ್ಟು ಕಾಣುವುದು ಲುದ್ಯಳ ಮನೆಯಲ್ಲೇ. ಪೌಲ ಇವತ್ತು ಇಲ್ಲಿ, ನಾಳೆ ಥೆಸಲೊನೀಕದಲ್ಲಿ. ಆದರೆ ಆ ಮನೆಯ ಹೊಸ ಸಭೆ ಅದೇ ಅಧಿಕಾರಿಗಳ ಕೈಕೆಳಗೆ ಬಾಳಬೇಕು. ಹೊಡೆದದ್ದು ತಪ್ಪು ಎಂದು ಊರಿಗೆ ಗೊತ್ತಾಗದಿದ್ದರೆ ನಾಳೆ ಅವರ ಬೆನ್ನಿಗೂ ಅದೇ ಕೋಲು. ರಾತ್ರಿ ಹಾಡಿದವನೇ ಬೆಳಿಗ್ಗೆ ಕಾನೂನು ಎತ್ತಿದ. ಅವನಿಗೆ ಎರಡೂ ನಂಬಿಕೆಯ ಕೆಲಸಗಳೇ. ಇದೇ ಪೌಲ ಮುಂದೆ ಕೈಸರನಿಗೆ ಮನವಿ ಸಲ್ಲಿಸಿದ್ದನ್ನು 25ನೇ ಅಧ್ಯಾಯ ಹೇಳುತ್ತದೆ. ಅಂದಹಾಗೆ, ಆ ದಾಸಿಯ ಗತಿ ಏನಾಯಿತು? ದೆವ್ವ ಬಿಟ್ಟಿತು, ಯಜಮಾನರು ಬಿಟ್ಟರೇ? ಲೂಕ ಹೇಳುವುದಿಲ್ಲ. ನಮ್ಮ ಪ್ರಸಂಗಗಳೂ ಕೇಳುವುದಿಲ್ಲ.

ಇದೇ ಕೊರತೆ ವಾಗ್ದಾನದ ಕಾರ್ಡುಗಳಲ್ಲೂ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆಯೊಂದರಲ್ಲಿ ಕಾರ್ಡುಗಳನ್ನು ಬೋರಲು ಇಟ್ಟು ಒಬ್ಬೊಬ್ಬರಿಗೂ ಒಂದೊಂದು ಎತ್ತಲು ಹೇಳುತ್ತಾರೆ. ಸೂರ್ಯೋದಯದ ಚಿತ್ರ, ಕೆಳಗೊಂದು ವಚನ. ಬಂದ ವಚನವೇ ಆ ವರ್ಷದ ವಾಗ್ದಾನ. ಬಹಳ ಜನರಿಗೆ ಪ್ರಿಯವಾದ ಒಂದು ವಚನ ಯೆರೆಮೀಯ 29:11, ಒಳ್ಳೆಯ ಭವಿಷ್ಯದ ಭರವಸೆ. ಅದರ ಹಿಂದಿನ ವಚನ, ಅಂದರೆ 10ನೆಯದನ್ನು, ಯಾರೂ ಕಾರ್ಡಿನಲ್ಲಿ ಅಚ್ಚು ಹಾಕುವುದಿಲ್ಲ. ಬಾಬೆಲಿನ ಸೆರೆ 70 ವರ್ಷ ಎಂದು ಅಲ್ಲಿದೆ. ಸೆರೆಹೋದವರಿಗೆ ಯೆರೆಮೀಯ ಬರೆದ ಆ ಪತ್ರ ಕೈಗೆ ಬಂದ ದಿನ ಓದಿದ ಹಿರಿಯರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಮಣ್ಣಾಗಬೇಕಿತ್ತು. ಆ ಭರವಸೆ ಒಂದು ಜನಾಂಗಕ್ಕೆ, ತಲೆಮಾರುಗಳ ಲೆಕ್ಕದಲ್ಲಿ ಕೊಟ್ಟದ್ದು. ಕಾರ್ಡು ಅದನ್ನು ಒಬ್ಬರಿಗೆ, 12 ತಿಂಗಳ ಅವಧಿಗೆ ಕೊಡುತ್ತದೆ. ವರ್ಷ ಕಳೆದರೂ ಒಳ್ಳೆಯದಾಗದವರು ತಮ್ಮ ನಂಬಿಕೆಯಲ್ಲೇ ಐಬು ಹುಡುಕುತ್ತಾರೆ. ಈ ಪದ್ಧತಿಯ ನಿಜವಾದ ಹಾನಿ ಅಲ್ಲಿದೆ.

ದೂರುವ ಭಾಷೆ ಬೈಬಲ್ಲಿನಲ್ಲಿ ಇಲ್ಲವೆಂದಲ್ಲ. ಕೀರ್ತನೆಗಳ ಪುಸ್ತಕದ ತುಂಬ ಅದೇ ಇದೆ. 88ನೇ ಕೀರ್ತನೆ ದೇವರನ್ನೇ ಹೊಣೆಗಾರನನ್ನಾಗಿ ಮಾಡಿ, ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. 109ನೆಯದು ದುಷ್ಟನನ್ನು ಅವನ ಹೆಂಡತಿ ಮಕ್ಕಳ ಸಮೇತ ಶಪಿಸುತ್ತದೆ. ಓದಲು ಮೈ ಝುಮ್ಮೆನ್ನುತ್ತದೆ, ನಿಜ. ಇವುಗಳಿಂದ ಮುಜುಗರಪಟ್ಟವರು ನಾವೇ ಮೊದಲಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕೃತವಾದ ಕ್ಯಾಥೋಲಿಕ್ ದೈನಂದಿನ ಪ್ರಾರ್ಥನಾ ಕ್ರಮದಿಂದ 58, 83 ಮತ್ತು 109ನೇ ಕೀರ್ತನೆಗಳನ್ನು ಶಾಪದ ಕಾರಣಕ್ಕೇ ಕೈಬಿಡಲಾಯಿತು. ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಸಿದ್ಧಪಡಿಸಿದ ಪ್ರಾರ್ಥನಾ ಪುಸ್ತಕದಲ್ಲೂ ಹಲವು ಕೀರ್ತನೆಗಳಿಗೆ ಕತ್ತರಿ ಬಿತ್ತು. ಹೊಟ್ಟೆ ತುಂಬಿದವರ ಬಾಯಲ್ಲಿ ಈ ಶಾಪಗಳು ಅಪಾಯಕಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಪೆಟ್ಟು ತಿಂದವರ ಬಾಯಿಂದಲೂ ಅವನ್ನು ಕಿತ್ತುಕೊಂಡರೆ ಅವರಿಗೆ ಉಳಿಯುವುದು ನಗುಮುಖದ ಸ್ತೋತ್ರ, ಇಲ್ಲವೇ ಮೌನ.

ಈ ಕೀರ್ತನೆಗಳನ್ನು ಬಿಡದೆ ಹಿಡಿದವರಲ್ಲಿ ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ ಮುಖ್ಯ. ಹಿಟ್ಲರನ ಪೊಲೀಸರು 1937ರ ಜುಲೈ 1ರಂದು ಬಾನ್‌ಹಾಫರ್ ಅವರ ಸಂಗಡಿಗ ಪಾದ್ರಿ ಮಾರ್ಟಿನ್ ನೀಮೊಲರ್ ಅವರನ್ನು ಬಂಧಿಸಿದರು. ಅದೇ ತಿಂಗಳು ಫಿಂಕನ್‌ವಾಲ್ಡೆಯ ತಮ್ಮ ಸೆಮಿನರಿಯಲ್ಲಿ ಬಾನ್‌ಹಾಫರ್ ಪ್ರಸಂಗಕ್ಕೆ ಆರಿಸಿಕೊಂಡದ್ದು 58ನೇ ಕೀರ್ತನೆಯನ್ನು. ಸೇಡಿಗಾಗಿ ದೇವರಿಗೆ ಮೊರೆಯಿಡುವವನು ತನ್ನ ಕೈಯಿಂದ ಸೇಡು ತೀರಿಸುವುದನ್ನು ಬಿಟ್ಟುಕೊಟ್ಟಿರುತ್ತಾನೆ ಎಂಬುದು ಅವರ ವಾದದ ಬಲವಾದ ಭಾಗ. ಆದರೆ ಪಾಪವಿಲ್ಲದ ಕ್ರಿಸ್ತನೊಬ್ಬನೇ ಈ ಪ್ರಾರ್ಥನೆಗೆ ಯೋಗ್ಯ, ಆ ಸೇಡು ಶಿಲುಬೆಯಲ್ಲಿ ಅವನ ಮೇಲೆಯೇ ಬಿತ್ತು ಎಂದಾಗ ನನಗೆ ತೊಡಕೆನಿಸುತ್ತದೆ. ಪೆಟ್ಟು ತಿಂದವನು ಅಳುವ ಮೊದಲು ತನ್ನ ಕೈ ಶುದ್ಧವೇ ಎಂದು ತೋರಿಸಬೇಕೆ? ಕೀರ್ತನೆಗಾರ ಅಂಥ ಪರೀಕ್ಷೆಗೆ ಕಾಯಲಿಲ್ಲ. ಬಾನ್‌ಹಾಫರ್ ಅವರೂ ಪ್ರಾರ್ಥನೆಗಷ್ಟೇ ನಿಲ್ಲಲಿಲ್ಲ, ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಅಮೆರಿಕದ ಸೈನ್ಯ ಆ ಶಿಬಿರಕ್ಕೆ ಬಂದದ್ದು ಏಪ್ರಿಲ್ 23ರಂದು. ಈ ಎರಡು ವಾರಗಳ ಅಂತರವನ್ನು ಯಾವ ವಾಗ್ದಾನದ ಕಾರ್ಡೂ ತುಂಬಲಾರದು.

ನ್ಯಾಯಾಲಯಕ್ಕೆ ಹೋಗುವುದು ಅಪನಂಬಿಕೆ ಎಂದು ನಮ್ಮಲ್ಲಿ ಹೇಳುವ ಮಾತು ಎಷ್ಟು ಅನುಕೂಲಸಿಂಧು ಎಂಬುದನ್ನೂ ನೋಡಬೇಕು. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ಸಡಿಲಾಯಿತು. ಕ್ರೈಸ್ತರ ಪರವಾದ ಅರ್ಜಿಗಳು 2004ರಿಂದ ಸುಪ್ರೀಂ ಕೋರ್ಟಿನಲ್ಲಿವೆ, ಚರ್ಚುಗಳ ಮುಖಂಡರು ಅದಕ್ಕಾಗಿ ಬೀದಿಗಿಳಿದಿದ್ದಾರೆ. ಸರಿಯಾದ ಕೆಲಸ, ಅದನ್ನು ಅಪನಂಬಿಕೆ ಎಂದವರಿಲ್ಲ. ಇನ್ನು ಚರ್ಚಿನ ಆಸ್ತಿಯ ಮಾತು ಬಂದರೆ ವಕೀಲರ ಮನೆ ಬಾಗಿಲು ತಟ್ಟಲು ನಮ್ಮವರಿಗೆ ಯಾವ ದರ್ಶನವೂ ಬೇಕಾಗಿಲ್ಲ! ಗಂಡನಿಂದ ಏಟು ತಿಂದ ಹೆಂಗಸು ಬಂದಾಗ ಮಾತ್ರ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ನೆನಪಾಗುತ್ತದೆ: ಸೇಡು ದೇವರಿಗೆ ಬಿಡಮ್ಮ, ತಾಳಿಕೋ, ಉಪವಾಸ ಪ್ರಾರ್ಥನೆಗೆ ಬಾ. ಅದರ ಬೆನ್ನಿಗೇ ಬರುವ 13ನೇ ಅಧ್ಯಾಯದಲ್ಲಿ ಕೆಟ್ಟದ್ದು ಮಾಡಿದವನನ್ನು ದಂಡಿಸುವ ಅಧಿಕಾರಿಯನ್ನು ಪೌಲ ದೇವರ ಸೇವಕನೆಂದೇ ಕರೆಯುತ್ತಾನೆ. ಸೇಡನ್ನು ದೇವರಿಗೆ ಬಿಟ್ಟವಳು ದೂರನ್ನು ಠಾಣೆಗೆ ಕೊಡಬಹುದು.

ಸಭಾಪಾಲಕರಲ್ಲಿ ನನ್ನದೊಂದು ಅರಿಕೆ. ಅಂಥ ಹೆಂಗಸು ನಿಮ್ಮ ಬಳಿ ಬಂದರೆ ಖಂಡಿತ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ. ಆಮೆನ್ ಹೇಳಿದ ಮೇಲೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿ ಇದ್ದಾರೆಂದು ಅವಳಿಗೆ ತಿಳಿಸಿ, ಸಭೆಯ ಇಬ್ಬರು ಹಿರಿಯ ಹೆಂಗಸರನ್ನು ಜೊತೆ ಮಾಡಿ ಕಳಿಸಿ. ಮುಂದಿನ ಭಾನುವಾರ, ಅವಳಿಗೆ ಮನಸ್ಸಿದ್ದರೆ, ಅವಳ ಕೈಗೂ ಮೈಕ್ ಕೊಡಿ, ಮೊಕದ್ದಮೆ ಇನ್ನೂ ನಡೆಯುತ್ತಿದ್ದರೂ ಸರಿಯೇ.