ಹತ್ತು ಸಾವಿರ ವರ್ಷದ ತಕರಾರು

ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಡೆವಿಲ್ಸ್ ಹೋಲ್ ಎಂಬ ನೀರು ತುಂಬಿದ ಬಂಡೆಬಿರುಕೊಂದಿದೆ. ದೂರದ ಬೆಟ್ಟಗಳಲ್ಲಿ ಇಂಗಿದ ಮಳೆ, ಹಿಮದ ನೀರು ನೆಲದಡಿ ಹರಿದು ಇಲ್ಲಿ ಬಯಲಾಗುತ್ತದೆ, ಗೋಡೆಗೆ ಕ್ಯಾಲ್ಸೈಟ್ ಮೆತ್ತುತ್ತದೆ. ಐಸಾಕ್ ವಿನೋಗ್ರಾಡ್ ಮತ್ತು ಸಂಗಡಿಗರು ಸುಮಾರು 30 ಮೀಟರ್ ಆಳದ ಗೋಡೆಯಿಂದ ತೆಗೆದ ತುಂಡಿನ ಉದ್ದ 36 ಸೆಂಟಿಮೀಟರ್. ಅಷ್ಟರಲ್ಲೇ ಐದು ಲಕ್ಷ ವರ್ಷ! ಸಾವಿರ ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆದಿಲ್ಲ. ಪದರಗಳಲ್ಲಿನ ಆಮ್ಲಜನಕದ ಐಸೋಟೋಪ್‌ಗಳನ್ನು ಅಳೆದರೆ ಹಿಮಯುಗಗಳು ಬಂದುಹೋದದ್ದು ಕಾಣುತ್ತದೆ. ವಯಸ್ಸು ಹೇಳುವುದು ಯುರೇನಿಯಂನಿಂದ ಹುಟ್ಟುವ ಥೋರಿಯಂ-230.

1988 ಮತ್ತು 1992ರಲ್ಲಿ ಈ ದಾಖಲೆ ಪ್ರಕಟವಾದಾಗ ಗದ್ದಲವೇ ಎದ್ದಿತು. ಕೊನೆಯದಕ್ಕಿಂತ ಹಿಂದಿನ ಹಿಮಯುಗ ಮುಗಿದದ್ದು, ಭೂಕಕ್ಷೆಯ ಏರುಪೇರಿನಿಂದ ಬೇಸಿಗೆಯ ಬಿಸಿಲು ಬದಲಾಗಿ ಹಿಮಯುಗಗಳು ಬಂದುಹೋಗುತ್ತವೆಂಬ ಮಿಲಾಂಕೊವಿಚ್ ಲೆಕ್ಕಕ್ಕಿಂತ ಸುಮಾರು 10,000 ವರ್ಷ ಮೊದಲು ಎಂದು ಅದು ಸಾರಿತ್ತು. ಬೇಸಿಗೆಯ ಬಿಸಿಲು ಬಲಿಯುವ ಮುಂಚೆಯೇ ಹಿಮ ಕರಗಿತೇ? ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಹಿಮಯುಗಗಳ ಇನ್ನೊಂದು ದಾಖಲೆಯಾದ ಕಡಲತಳದ ಕೆಸರಿನ ಕಾಲಗಣನೆಯನ್ನು ಮಿಲಾಂಕೊವಿಚ್ ಲೆಕ್ಕಕ್ಕೇ ಹೊಂದಿಸಲಾಗಿತ್ತು. ಡೆವಿಲ್ಸ್ ಹೋಲ್ ಯಾರ ಹಂಗಿಗೂ ಬಿದ್ದಿರಲಿಲ್ಲ. ಪ್ರೊಟ್ಯಾಕ್ಟಿನಿಯಂ ಎಂಬ ಇನ್ನೊಂದು ಧಾತುವಿನಿಂದ ವಯಸ್ಸು ಅಳೆದ 1997ರ ಪರೀಕ್ಷೆಯೂ ಅದರ ಪರವಾಗಿಯೇ ನುಡಿಯಿತು.

2016ರಲ್ಲಿ ಜೀನಾ ಮೋಸ್ಲಿ ತಂಡ ಪಕ್ಕದ ಡೆವಿಲ್ಸ್ ಹೋಲ್ 2ರಲ್ಲಿ ಬೇರೆ ಬೇರೆ ಆಳದಿಂದ ಒಂದೇ ಕಾಲದ ಪದರಗಳನ್ನು ತೆಗೆದು ನೋಡಿತು. ಆಳಕ್ಕಿಳಿದಂತೆ ವಯಸ್ಸು ಹೆಚ್ಚು ತೋರಿತು. ನೀರಿನಲ್ಲಿ ಕರಗಿದ ಯುರೇನಿಯಂನಿಂದ ಹುಟ್ಟುವ ಥೋರಿಯಂ ಕರಗಿ ಉಳಿಯದೆ ಕೆಳಗಿಳಿದು ಗೋಡೆಗೆ ಅಂಟುತ್ತದೆ. ಹೊರಗಿನಿಂದ ಬಂದ ಆ ಪಾಲನ್ನೂ ಕಲ್ಲಿನ ವಯಸ್ಸೆಂದೇ ಎಣಿಸಲಾಗಿತ್ತು. ಸರಿಪಡಿಸಿದಾಗ ಆ ಹಿಮಯುಗದ ಕೊನೆ ಸುಮಾರು 8,000 ವರ್ಷ ಈಚೆಗೆ ಸರಿಯಿತು, ಮಿಲಾಂಕೊವಿಚ್ ಜೊತೆಗಿನ ಜಗಳವೂ ಮುಗಿಯಿತು.

ವಿನೋಗ್ರಾಡ್ ಸೋತರು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಐಸೋಟೋಪ್ ಏರಿಳಿತಗಳು ಹೊಸ ಮಾದರಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಬಂದಿವೆ. ಬಿದ್ದದ್ದು ಥೋರಿಯಂ ಎಲ್ಲವೂ ಕಲ್ಲಿನೊಳಗೇ ಹುಟ್ಟಿದ್ದೆಂಬ ನಂಬಿಕೆ ಮಾತ್ರ. ಯಂತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಅದು ಕೊಡುವ 'ಪ್ಲಸ್-ಮೈನಸ್' ಅಂಕಿಯಲ್ಲಿ ಇಂಥ ದೋಷ ಕಾಣುವುದಿಲ್ಲ. ಮತ್ತೆ ಗುಹೆಗಿಳಿದು ಇನ್ನೊಂದು ಆಳದ ಕಲ್ಲು ತರಬೇಕು. (1997ರ ಪರೀಕ್ಷೆ ನಡೆಸಿದ ಲಾರೆನ್ಸ್ ಎಡ್ವರ್ಡ್ಸ್ 2016ರ ಲೇಖಕರಲ್ಲೂ ಒಬ್ಬರು. ಆ ನಿಷ್ಠುರತೆ ನನಗೆ ಹಿಡಿಸಿತು.)

ಇನ್ನೊಂದು ಕಲ್ಲಿನಲ್ಲಿ ಪರೀಕ್ಷಿಸಿ ನೋಡುವ ಈ ಶಿಸ್ತು ಎಲ್ಲೆಡೆ ಕಾಣುವುದಿಲ್ಲ. 2018ರಲ್ಲಿ ಘೋಷಿಸಿದ ಮೇಘಾಲಯನ್ ಎಂಬ ಭೂವೈಜ್ಞಾನಿಕ ಕಾಲಘಟ್ಟದ ಆರಂಭವನ್ನು, ಅಂದರೆ ಸುಮಾರು 4,200 ವರ್ಷ ಹಿಂದಿನ ಗಡಿಯನ್ನು, ಚಿರಾಪುಂಜಿ ಬಳಿಯ ಮಾವ್ಮ್ಲುಹ್ ಗುಹೆಯ ಒಂದೇ ಕಲ್ಲಿನಲ್ಲಿ ಗುರುತಿಸಲಾಯಿತು. ಅದೇ ಗುಹೆಯ ಬೇರೆ ಕಲ್ಲುಗಳು ಆ ಕಲ್ಲಿನಲ್ಲಿ ಕಂಡಷ್ಟು ಥಟ್ಟನೆ ಆದ ಹವಾಮಾನ ಬದಲಾವಣೆಯನ್ನು ತೋರಿಸಲಿಲ್ಲ. ಗಡಿಗೂಟ ನೆಡುವುದರಲ್ಲಿ ಅವಸರವಾಯಿತೆಂದೇ ನನ್ನ ಅಭಿಪ್ರಾಯ.