ಊಟ ಬಲ್ಲವನ ಮನೆಯ ಆಮೆ

ಬೆಳಿಗ್ಗೆ ತೊಟ್ಟಿಯ ಮುಂದೆ ನಿಂತರೆ ತಳದಲ್ಲಿ ಪಾಚಿಗಟ್ಟಿದ ಕಲ್ಲೊಂದು ಬಿದ್ದಂತೆ ಕಾಣುತ್ತದೆ. ಉದ್ದನೆಯ ಇಕ್ಕಳದ ತುದಿಗೆ ಎರೆಹುಳು ಹಿಡಿದು ನೀರಿಗಿಳಿಸುತ್ತೇನೆ. ಕಲ್ಲಿನೊಳಗಿಂದ ಕತ್ತು ಮೆಲ್ಲಗೆ ಅಲುಗುತ್ತದೆ. ಮರುಗಳಿಗೆ ಬಾಯಿ ತೆರೆದು, ಗಂಟಲು ಚೀಲದಂತೆ ಉಬ್ಬಿ, ನೀರಿನ ಸಮೇತ ಹುಳು ಒಳಗೆ! ಆಮೇಲೆ ನೀರಷ್ಟೇ ಹೊರಗೆ ಬರುತ್ತದೆ. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಬೆರಗು ತೀರಿಲ್ಲ.

ಸ್ನ್ಯಾಪಿಂಗ್ ಟರ್ಟಲ್ ಉತ್ತರ ಅಮೆರಿಕದ ಕೆರೆ, ಜೌಗುಗಳ ಜೀವಿ. ಮಿಶಿಗನ್ನಿನ ನಮ್ಮ ಮನೆಯಲ್ಲಿರುವುದು ಸಾಕಾಣಿಕೆಯಲ್ಲೇ ಹುಟ್ಟಿದ್ದು. ಮುಂದಿಟ್ಟದ್ದನ್ನು ಬೇಡವೆನ್ನುವುದು ಈ ಆಮೆಗೆ ಅಪರೂಪ. ಹಾಗಾಗಿ ಸಾಕುವುದು ಸುಲಭ ಅನ್ನಿಸುತ್ತದೆ, ಎಡವುವುದೂ ಅಲ್ಲೇ. ‘ಊಟ ಬಲ್ಲವನಿಗೆ ರೋಗವಿಲ್ಲ’ ಅನ್ನುತ್ತೇವಲ್ಲ, ಗಾಜಿನ ತೊಟ್ಟಿಯ ಆಮೆಗೆ ಆರಿಸಿ ತಿನ್ನುವ ಅವಕಾಶವೇ ಇಲ್ಲ. ಅದರ ಪರವಾಗಿ ಊಟ ಬಲ್ಲವರು ನಾವಾಗಬೇಕು.

ಮೊದಲ ವರ್ಷ ನನಗೆ ಆ ತಿಳಿವಳಿಕೆ ಇರಲಿಲ್ಲ. ಅಗ್ಗಕ್ಕೆ ಸಿಗುವ ಗೋಲ್ಡ್‌ಫಿಶ್ ತಂದು ದಿನಾ ಬಿಡುತ್ತಿದ್ದೆ. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ, ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದೊಂದನ್ನೇ ತಿಂದರೆ ನರಗಳಿಗೇ ಪೆಟ್ಟು. ಮೂಳೆಯಿಲ್ಲದ ಮಾಂಸದ ತುಂಡನ್ನೇ ಹಾಕುತ್ತಾ ಹೋದರೂ ಕೆಡುಕೇ: ಅದರಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ, ಚಿಪ್ಪು ಮೆತ್ತಗಾಗುತ್ತದೆ. ಎ ಜೀವಸತ್ವ ಸಾಲದಿದ್ದರೆ ರೆಪ್ಪೆಗಳು ಊದಿ ಕಣ್ಣು ಮುಚ್ಚಿಕೊಳ್ಳುತ್ತವೆ. ಕಣ್ಣು ಕಾಣದ ಆಮೆ ಊಟವನ್ನೂ ಬಿಡುತ್ತದೆ.

ಹಾಗಾದರೆ ಏನು ಹಾಕಬೇಕು? ಉತ್ತರ ಕೆರೆಯಲ್ಲೇ ಇದೆ. ಮಿಶಿಗನ್ನಿನ ಆಮೆಗಳ ಆಹಾರದ ಬಗ್ಗೆ ಕಾರ್ಲ್ ಲ್ಯಾಗ್ಲರ್ 1943ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ನನ್ನ ಕಣ್ಣು ತೆರೆಯಿತು. ಬರೀ ಬೇಟೆಗಾರ ಅಂದುಕೊಂಡಿದ್ದ ಈ ಆಮೆಯ ಹೊಟ್ಟೆಯಲ್ಲಿ ಸುಮಾರು ಮೂರನೇ ಒಂದು ಪಾಲು ಸಸ್ಯವೇ ಇತ್ತು! ಉಳಿದದ್ದು ಮೀನು, ಕ್ರೇಫಿಶ್, ಹುಳುಹುಪ್ಪಟೆ, ಸತ್ತ ಪ್ರಾಣಿ.

ಈಗ ನಮ್ಮ ಮನೆಯ ಪಟ್ಟಿಯೂ ಅದೇ ದಾರಿಯದು. ಆಮೆಗಳಿಗಾಗಿಯೇ ತಯಾರಾದ ಪೆಲೆಟ್ ಬುನಾದಿ. ಒಂದು ದಿನ ಎರೆಹುಳು, ಇನ್ನೊಂದು ದಿನ ಸಿಪ್ಪೆ ಸಮೇತ ಸಿಗಡಿ, ಮತ್ತೊಂದು ದಿನ ಮುಳ್ಳು, ತಲೆ ಎಲ್ಲ ಇರುವ ಸಣ್ಣ ಮೀನು. ನಡುನಡುವೆ ಸಾಕಿದ ಬಸವನಹುಳು; ಅದರ ಚಿಪ್ಪನ್ನು ಕಟಕಟನೆ ಒಡೆದು ತಿನ್ನುವಾಗ ಸುಣ್ಣದಂಶ ತಾನಾಗಿ ಸೇರುತ್ತದೆ. ತೋಟದಲ್ಲಿ ಸಿಕ್ಕ ಬಸವನಹುಳು ಬೇಡ, ಪರೋಪಜೀವಿಗಳ ಭಯ. ಸೊಪ್ಪಿನಲ್ಲಿ ಡ್ಯಾಂಡೆಲಿಯನ್ ಎಲೆ, ರೊಮೇನ್ ಲೆಟಿಸ್, ನೀರ ಮೇಲೆ ತೇಲುವ ಡಕ್‌ವೀಡ್. ಪಾಲಕ್ ಅಪರೂಪಕ್ಕೆ ಮಾತ್ರ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ. ಕ್ಯಾಲ್ಸಿಯಂ ದಕ್ಕಲು ಬೇಕಾದ ಯುವಿಬಿ ದೀಪವನ್ನೂ ನಾನು ಊಟದ ಲೆಕ್ಕಕ್ಕೇ ಸೇರಿಸುತ್ತೇನೆ.

ಬಗೆಯಷ್ಟೇ ಮುಖ್ಯ ಅಳತೆ. ಮರಿಗೆ ದಿನಾ ಸ್ವಲ್ಪ ಸ್ವಲ್ಪ, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ಸ್ನ್ಯಾಪರ್‌ನ ಹೊಟ್ಟೆಯ ಕಡೆಯ ಚಿಪ್ಪು ಶಿಲುಬೆಯಾಕಾರದ ಸಣ್ಣ ಹಲಗೆ, ಮೈಯನ್ನು ಪೂರ್ತಿ ಮುಚ್ಚುವುದಿಲ್ಲ. ಅತಿಯಾಗಿ ತಿಂದ ಆಮೆಯ ಕಾಲುಗಳ ಬುಡದಲ್ಲಿ ಮಾಂಸ ಮಡಿಕೆ ಮಡಿಕೆಯಾಗಿ ಹೊರಚಾಚುತ್ತದೆ. ನಮ್ಮದರಲ್ಲೂ ಆ ಮಡಿಕೆ ಕಂಡಿದ್ದೆ. ಅದು ಕರಗಲು ಎರಡು ವರ್ಷ ಹಿಡಿಯಿತು.

ಇನ್ನೊಂದು ಮಾತು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಅಮೆರಿಕದಲ್ಲಿ ಚಿಪ್ಪು 4 ಅಂಗುಲಕ್ಕಿಂತ ಚಿಕ್ಕದಿರುವ ಮರಿಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಆಮೆಯ ಬಟ್ಟಲು, ಇಕ್ಕಳ ಅಡುಗೆಮನೆಯ ಸಿಂಕಿಗೆ ಬರಬಾರದು. ಭಾರತದಲ್ಲಿ ಇದನ್ನು ಓದುತ್ತಿರುವವರು ಆಸೆಪಟ್ಟು ಕೆರೆಯ ಆಮೆ ಹಿಡಿದು ತರಬೇಡಿ. ಅದರ ಊಟ ಅದಕ್ಕೆ ಗೊತ್ತು, ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಮೀನಿನ ರುಚಿ ಹತ್ತಿದ ಆಮೆ ಸೊಪ್ಪಿಗೆ ಬೇಗ ಒಲಿಯುವುದಿಲ್ಲ. ನಮ್ಮದು ಮೊದಲ ಸಲ ಲೆಟಿಸ್ ಎಲೆಯನ್ನು ಎರಡು ದಿನ ಮೂಸಿಯೂ ನೋಡಲಿಲ್ಲ. ಬೇರೇನೂ ಹಾಕದೆ, ಬಾಡಿದ ಎಲೆ ಮಾತ್ರ ಬದಲಿಸುತ್ತಾ ಕಾದೆ. ಮೂರನೆಯ ಬೆಳಿಗ್ಗೆ ತೊಟ್ಟಿಯ ದೀಪ ಹಾಕಿದಾಗ ಎಲೆ ಇನ್ನೂ ತೇಲುತ್ತಿತ್ತು. ಅದರ ಅಂಚಿನಲ್ಲಿ ಮಾತ್ರ ಕೊಕ್ಕಿನ ಅಳತೆಯ ಒಂದು ತುತ್ತು ಕಾಣೆಯಾಗಿತ್ತು.